ಅತ್ತೆಯ ಬೆನ್ನಿಗೆ ಗುದ್ದು

ಬೆನ್ನಿಗೆ ಗುದ್ದು ತಿನ್ನಬೇಕೆಂದೇ ನಾನು ಮಾನ್ವಿಯಲ್ಲಿ ಬಸ್ಸು ಹತ್ತಿದೆ. ನಗಬೇಡಿ. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ಅವಳು ತೊಟ್ಟಿಲಿನ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳುವುದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಬೇಕು. ಯಾಕೆ ಗುದ್ದುತ್ತಾರೆಂದು ಯಾರಿಗೂ ಗೊತ್ತಿಲ್ಲ, ಕೇಳಿದರೆ ಪದ್ಧತಿ ಎನ್ನುತ್ತಾರೆ. ನನಗಿರುವುದು ಒಬ್ಬನೇ ತಮ್ಮ, ವಿನೋದ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವನಿಗೆ ಮೊದಲ ಕೂಸು ಹುಟ್ಟಿದೆ, ಹೆಣ್ಣು. ಹಾಗಾಗಿ ಆ ಗುದ್ದು ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

ನಾನು ಅನ್ನಪೂರ್ಣ. ಮಾನ್ವಿಯಲ್ಲಿ ಅಕ್ಕಿ ಗಿರಣಿಗಳ ರಸ್ತೆಯಲ್ಲಿ ನನ್ನದೊಂದು ಖಾನಾವಳಿ ಇದೆ. ಹಮಾಲರು, ಲಾರಿ ಡ್ರೈವರುಗಳು, ತಹಶೀಲ್ದಾರರ ಕಚೇರಿಗೆ ಬಂದು ಸಾಹೇಬರು ಸಿಗದೆ ಸುಸ್ತಾದವರು, ಎಲ್ಲರೂ ನನ್ನ ಕೈ ರೊಟ್ಟಿ ತಿಂದವರೇ. ಹತ್ತು ವರ್ಷದ ಹಿಂದೆ ಗಂಡನ ಮನೆಯಿಂದ ಹೊರಬಿದ್ದೆ. ‘ಗಂಡ ಬಿಟ್ಟಾಕಿ’ ಎಂದು ಯಾರಾದರೂ ಅಂದರೆ ಅಲ್ಲೇ ತಿದ್ದುತ್ತೇನೆ: ಅವನು ಬಿಟ್ಟಿಲ್ಲ, ನಾನು ಬಿಟ್ಟೆ. ಅವನಿಗೆ ಬಾಯಿಗಿಂತ ಮುಂಚೆ ಕೈ ಏಳುತ್ತಿತ್ತು. ಒಂದು ಮಧ್ಯಾಹ್ನ ತಾಳಿ ಬಿಚ್ಚಿ ಅವನ ಊಟದ ತಾಟಿನಲ್ಲಿಟ್ಟು ಹೊರಗೆ ಬಂದೆ. ಈಗ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ಅದೇ ಊರಿನಲ್ಲಿದ್ದಾನೆ. ನಾನೂ ಅದೇ ಊರಿನಲ್ಲಿದ್ದೇನೆ. ತಪ್ಪು ಮಾಡಿದವನೇ ಊರು ಬಿಟ್ಟಿಲ್ಲ, ನಾನ್ಯಾಕೆ ಬಿಡಲಿ?

ವಿನೋದನ ಫೋನು ಬಂದಾಗ ಹಿಟ್ಟು ನಾದುತ್ತಿದ್ದೆ. ಅವನಿಗೆ ರಾಯಚೂರಿನಲ್ಲಿ ಬೋರಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇದೆ, ಹೆಂಡತಿಯ ತವರೂ ಅಲ್ಲೇ.

“ಅಕ್ಕಾ, ಐತವಾರ ಸಂಜಿಗಿ ತೊಟ್ಟಿಲ ಕಾರ್ಯ, ನಮ್ಮ ಅತ್ತಿ ಮನ್ಯಾಗ. ನೀ ಶನಿವಾರನ ಬಂದುಬಿಡು. ಗಬ್ಬೂರಿಂದ ಅವ್ವನೂ ಬರ್ತಾಳ. ನೀವಿಬ್ಬರೂ ರಾಯಚೂರು ನೋಡೇ ಇಲ್ಲಲ್ಲ. ಎರಡು ದಿನ ಊರು ನೋಡಿದಂಗೂ ಆಗ್ತದ, ಕಾರ್ಯನೂ ಆಗ್ತದ.”

“ಏನೋ, ಒಮ್ಮಿಂದೊಮ್ಮೆ ಅಕ್ಕನ ಮ್ಯಾಲ ಇಷ್ಟು ಪ್ರೀತಿ ಉಕ್ಕೇದಲ್ಲ!”

“ಹಂಗೇನಿಲ್ಲ ಬಿಡಕ್ಕಾ,” ಎಂದು ಗಂಟಲು ಸರಿಮಾಡಿಕೊಂಡ. ಆ ಗಂಟಲನ್ನು ನಾನು ಆಗಲೇ ಗಮನಿಸಬೇಕಿತ್ತು, ಆದರೆ ಖುಷಿ ನನ್ನ ಕಿವಿ ಮುಚ್ಚಿತ್ತು.

ರಾಯಚೂರು ನೋಡಿಲ್ಲ ಅಂದದ್ದು ಖರೆ. ಬಸ್ ಸ್ಟ್ಯಾಂಡು, ದವಾಖಾನೆ, ಕಾಳುಕಡಿ ಮಾರುವ ಗಂಜು, ಇಷ್ಟೇ ನನಗೆ ಗೊತ್ತಿರುವ ರಾಯಚೂರು. ಬಸ್ಸಿನ ಕಿಟಕಿಯಿಂದ ಕೋಟೆಯ ಗೋಡೆಯನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೆ. ಇಳಿದು ಒಳಗೇನಿದೆ ಎಂದು ನೋಡುವ ಪುರುಸೊತ್ತು ಯಾವ ಜನ್ಮಕ್ಕೂ ಸಿಕ್ಕಿರಲಿಲ್ಲ. ಶುಕ್ರವಾರವೇ ಖಾನಾವಳಿಯ ಬಾಗಿಲಿಗೆ ಹಲಗೆ ತೂಗುಹಾಕಿದೆ: ‘ಸೊಸಿಗೆ ಹೆಸರಿಡಾಕ ಹೋಗೀನಿ. ಎರಡು ದಿನ ಬಂದ್.’ ತಮ್ಮನ ಮಗಳು ನಮಗೆ ಸೊಸೆಯೇ ತಾನೇ.

“ಅಕ್ಕಾರ, ಎರಡು ದಿನ ನಾವು ಉಪಾಸ ಸಾಯಬೇಕೇನ್ರೀ?” ಎಂದು ಹಮಾಲನೊಬ್ಬ ಗೋಳಾಡಿದ.

“ಸಾಯ್ರಿ. ಸೋಮವಾರ ಬಂದು ಎಬ್ಬಸ್ತೀನಿ,” ಎಂದೆ.

ಶನಿವಾರ ಬೀಗರ ಮನೆ ಮುಟ್ಟಿದಾಗ ವಿನೋದನ ಅತ್ತೆ ಹನುಮಂತಮ್ಮ ಬಾಗಿಲಿಗೇ ಬಂದು ನನ್ನ ಕೈ ಹಿಡಿದುಕೊಂಡರು. ಮದುವೆಯಲ್ಲಿ ನನ್ನ ಕೊರಳಿನತ್ತ ನೋಡಿ ಮುಖ ಸಿಂಡರಿಸಿದ ಅದೇ ಹೆಂಗಸು, ಈ ಸಲ ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ನನ್ನನ್ನೇ ಕೇಳಿದರು. ಒಳಕೋಣೆಯಲ್ಲಿ ಬಾಣಂತಿ ನಾಗವೇಣಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಕೂಸನ್ನು ನನ್ನ ಉಡಿಗೆ ಹಾಕಿದಳು. ಅಯ್ಯ, ಏನು ಹೇಳಲಿ! ಮುಷ್ಟಿ ಬಿಗಿಹಿಡಿದು, ಹುಬ್ಬು ಗಂಟಿಕ್ಕಿ, ಜಗತ್ತಿನ ಮೇಲೆಲ್ಲ ಸಿಟ್ಟಾದವಳಂತೆ ಮಲಗಿತ್ತು. ಇದು ನಮ್ಮ ಮನೆತನದ್ದೇ ಎಂದು ಅಲ್ಲೇ ಗೊತ್ತಾಯಿತು. ನಾನೇ ಹೊಲಿದು ತಂದ ಕೆಂಪು ಕುಂಚಿಗೆಯನ್ನು ಅದರ ತಲೆಗೆ ಕಟ್ಟಿ ನೋಡಿದೆ, ಕಿವಿ ಮುಚ್ಚಿ ಬೆನ್ನವರೆಗೂ ಚೆನ್ನಾಗಿ ಇಳಿಯಿತು.

ನಾಗವೇಣಿ ನನ್ನ ಕೈ ಒತ್ತಿ, “ಅಕ್ಕಾ, ನಿಮಗೊಂದು ಮಾತು…” ಎನ್ನುವಷ್ಟರಲ್ಲಿ ಅವಳ ತಾಯಿ ಒಳಗೆ ಬಂದರು.

“ಕೂಸು ಮಲಗ್ಲಿ. ಆಟೋ ಬಂದದ, ನೀವು ಊರು ನೋಡಿ ಬರ್ರಿ.”

ಆಟೋದವನು ಮೌಲಾಹುಸೇನ, ಅದೇ ಓಣಿಯವನು, ಗಡ್ಡಕ್ಕೆ ಮೆಹಂದಿ ಹಚ್ಚಿದ ಮಾತಿನ ಮಲ್ಲ. ಗಬ್ಬೂರಿನಿಂದ ಬಂದಿಳಿದಿದ್ದ ಅವ್ವನನ್ನೂ ನನ್ನನ್ನೂ ಕೂರಿಸಿಕೊಂಡು ಹೊರಟ. ವಿನೋದನಿಗೆ ‘ಭಾಳ ಕೆಲಸ’ ಇತ್ತು. ನನ್ನ ಅವ್ವ ಬೂದೆಮ್ಮ ಆಟೋದ ಸರಳನ್ನು ಎರಡೂ ಕೈಯಿಂದ ಹಿಡಿದು, ಸಣ್ಣ ಹುಡುಗಿಯಂತೆ ಬಗ್ಗಿಬಗ್ಗಿ ನೋಡಿದಳು. ಆಮ್ ತಲಾಬ್ ಕೆರೆಯ ದಂಡೆಯಲ್ಲಿ ಕೂತು ಮಿರ್ಚಿ ಭಜಿ ತಿಂದೆವು. ಒಂದು ಮಿನಾರಿನ ಮಸೀದಿಯ ಮುಂದೆ ಅವಳು ಕತ್ತು ಚಾಚಿ ಕೇಳಿದಳು:

“ಏನಪ್ಪಾ, ಇನ್ನೊಂದು ಕಟ್ಟಾಕ ಆಗಲಿಲ್ಲೇನು? ಪಾಪ, ಒಂದ ನಿಂತದ.”

“ಒಂದ ಸಾಕಾಗೇದ ಅಮ್ಮಾ,” ಎಂದ ಮೌಲಾಹುಸೇನ. “ಐನೂರು ವರ್ಷ ಆತು, ಯಾರ ಹೆಗಲಿಗೂ ಆತುಕೊಂಡಿಲ್ಲ.”

ನನಗೆ ಆ ಮಿನಾರು ಬಹಳ ಹಿಡಿಸಿತು. ಅವ್ವ ನಕ್ಕಳು. ಅಪ್ಪ ತೀರಿಕೊಂಡ ಮೇಲೆ ಅವಳು ಹಾಗೆ ಬಾಯಿತುಂಬ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ವಿಧವೆಯಾದಂದಿನಿಂದ ಅವಳು ಯಾರ ಮನೆಯ ಕಾರ್ಯದಲ್ಲೂ ಮುಂದೆ ಬಂದವಳಲ್ಲ. ಹೆತ್ತ ಮಗನ ಮದುವೆಯಲ್ಲೂ ಅಕ್ಷತೆ ಬೀಳುವಾಗ ಹಿಂದಿನ ಕೋಣೆಯಲ್ಲಿ ಪಾತ್ರೆ ಕಾಯುತ್ತ ಕೂತಿದ್ದಳು. ‘ಯಾರೂ ಹೇಳಿಲ್ಲವ್ವಾ, ನಾನ ಕುಂತೀನಿ’ ಎಂದಿದ್ದಳು. ಹೇಳದೆಯೇ ಕೂರುವುದನ್ನು ಕಲಿಸಿಬಿಟ್ಟಿದ್ದರು ಅವಳಿಗೆ, ಅದು ನನಗೆ ಈಗಲೂ ಉರಿಯುತ್ತದೆ.

ಐತವಾರ ಮುಂಜಾನೆ ಎದ್ದರೆ ಮನೆ ತುಂಬ ಕಡಲೆ, ಗೋಧಿ ಕುದಿಯುವ ವಾಸನೆ. ಗುಗ್ಗರಿ. ತೊಟ್ಟಿಲ ಕಾರ್ಯ ಮುಗಿದ ಮೇಲೆ ಬಂದವರ ಉಡಿಗೆ ಹಾಕುವುದು ಅದನ್ನೇ. ನಾನು ತಲೆ ತೊಳೆದುಕೊಂಡು ಸಂಜೆಗೆಂದು ಹಸಿರು ಇಳಕಲ್ ಸೀರೆ ತೆಗೆದಿಟ್ಟೆ. ಹನುಮಂತಮ್ಮ ಅವಸರ ಮಾಡಿದರು.

“ಕಾರ್ಯ ಸಂಜಿ ಐದಕ್ಕ ಅದ. ಬಿಸಲೇರೂದ್ರಾಗ ಕೋಟಿ ನೋಡ್ಕೊಂಡು ಬರ್ರಿ. ಗುಡ್ಡದ ಮ್ಯಾಲಿಂದ ಊರೆಲ್ಲಾ ಕಾಣ್ತದ. ನಿಧಾನಕ್ಕ ಬರ್ರಿ, ಏನೂ ಅವಸರಿಲ್ಲ.”

“ಉಳಿದವರು ಯಾರೂ ಬರಂಗಿಲ್ಲೇನ್ರೀ?”

“ಅವರೆಲ್ಲಾ ನೋಡಿದವರ ಅದಾರ.”

ಸರಿ ಬಿಡು ಎಂದು ಹಸಿರು ಸೀರೆಯನ್ನೇ ಉಟ್ಟು ಹೊರಟೆ. ಊರು ನೋಡುವಾಗ ಊರೂ ನಮ್ಮನ್ನು ನೋಡುತ್ತದಲ್ಲ.

ಕೋಟೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಮೌಲಾಹುಸೇನ ಒಂದು ಕಲ್ಲನ್ನು ತೋರಿಸಿದ. ಕಲ್ಲೆಂದರೆ ಸುಮ್ಮನೆ ಕಲ್ಲಲ್ಲ, ಗೋಡೆಯ ಉದ್ದಕ್ಕೂ ಮಲಗಿದ ಒಂದೇ ಬಂಡೆ. ಅದರ ಮೇಲೆ ತೆಲುಗಿನ ಅಕ್ಷರ. ಪಕ್ಕದ ಗೋಡೆಯಲ್ಲಿ ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರ ಕೆತ್ತಿದ್ದಾರೆ, ಎಳೆಯುವ ಕೋಣಗಳ ಸಾಲಿನ ಸಮೇತ.

“ಕ್ವಾಣದ ಚಿತ್ರಾನೂ ತಗದಾರಲ್ಲೇ!” ಎಂದು ಅವ್ವ ಬೆರಗಾದಳು. “ದುಡದದ್ದಕ್ಕ ಗೋಡಿ ಮ್ಯಾಲ ಜಾಗ ಸಿಕ್ಕದ ನೋಡು ಅವಕ್ಕ.”

ಆದರೆ ಅವಳು ನಿನ್ನೆಯ ಅವ್ವ ಆಗಿರಲಿಲ್ಲ. ನಗು ಬಂದಷ್ಟೇ ಬೇಗ ಹೋಗುತ್ತಿತ್ತು. ಹೊತ್ತೆಷ್ಟಾಯಿತು ಎಂದು ಮೇಲಿಂದ ಮೇಲೆ ಕೇಳುತ್ತಿದ್ದಳು. ಗುಡ್ಡ ಹತ್ತೋಣ ಬಾ ಎಂದರೆ ಮೊಣಕಾಲು ನೋವು ಎಂದಳು, ಹಾಗಾದರೆ ಮನೆಗೆ ಹೋಗೋಣ ಎಂದರೆ ಬ್ಯಾಡ, ಇನ್ನೊಂಚೂರು ನೋಡೋಣ ಎಂದಳು. ಗೋಡೆಯ ನೆರಳಿಗೆ ಕೂತೆವು. ಅವಳು ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದಳು.

“ತಿನ್ನು. ಅಡಗಿ ಮಾಡಾಕಿ ಕೊಟ್ಟಳು. ಹಸಿದೀದಿ.”

ಗುಗ್ಗರಿ. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಮೆತ್ತಗೆ ಬೆಂದಿತ್ತು, ಉಪ್ಪು ಹಾಕಿತ್ತು, ಹಸಿ ಕೊಬ್ಬರಿ ತುರಿ ಬೆರೆಸಿತ್ತು. ಹದಿನೈದು ಮಂದಿಗಿರಲಿ ನೂರು ಮಂದಿಗಿರಲಿ, ದಿನಾ ಬೇಯಿಸಿ ಬಡಿಸುವವಳು ನಾನು. ರಾಯಚೂರಿನ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕೊಬ್ಬರಿ ಬೆರೆಸಿದ ಗುಗ್ಗರಿ ಸಂಜೆ ಐದರ ತನಕ ಇರುವುದಿಲ್ಲ, ಮಧ್ಯಾಹ್ನಕ್ಕೇ ಹಳಸಿ ನೊರೆ ಬರುತ್ತದೆ. ಸಂಜೆಯ ಕಾರ್ಯಕ್ಕೆ ಕಾಳನ್ನು ಮಧ್ಯಾಹ್ನದ ಮೇಲೆ ಒಲೆಗೆ ಇಡುತ್ತಾರೆ. ಮುಂಜಾನೆಯೇ ಕೊಬ್ಬರಿ ಹಾಕಿದ್ದಾರೆಂದರೆ ಕಾರ್ಯ ಮುಂಜಾನೆಯೇ ಇದೆ.

ನಾನು ಅವ್ವನ ಮುಖ ನೋಡಿದೆ. ಅವ್ವ ಕೋಣಗಳ ಕಡೆ ನೋಡಿದಳು.

“ಅವ್ವಾ, ಕಾರ್ಯ ಎಷ್ಟೊತ್ತಿಗದ?”

“ಸಂಜಿಗಿ ಅಂದಾರಲ್ಲ…”

“ನನ್ನ ಮಾರಿ ನೋಡಿ ಹೇಳಬೇ.”

ಅವಳು ನೋಡಲಿಲ್ಲ. ಸೆರಗಿನ ಗಂಟನ್ನು ಮತ್ತೆ ಕಟ್ಟುತ್ತ, ಬಿಚ್ಚುತ್ತ ಹೇಳಿದಳು: “ಹನ್ನೊಂದಕ್ಕ ಅದ. ದೇವದುರ್ಗದ ನಿಮ್ಮ ದೊಡ್ಡಪ್ಪನ ಮಗಳ ಕೈಲಿ ಹೆಸರು ಇಡಸ್ತಾರಂತ. ಆಕಿ ಮುತ್ತೈದಿ. ಮೊದಲ ಕೂಸು, ಏನಾರ ಹೆಚ್ಚುಕಮ್ಮಿ ಆದ್ರ ಅಂತ ಹನುಮಂತಮ್ಮಗ ಅಂಜಿಕಿ. ನಿನಗ ಹೇಳಿದ್ರ ನೀ ಸುಮ್ಮನಿರಂಗಿಲ್ಲ. ಅದಕ್ಕ ನಿನ್ನ ಕರಕೊಂಡು ಕೋಟಿ ನೋಡಾಕ ಹೋಗು ಅಂದ್ರು.”

“ನೀ ಹೂಂ ಅಂದಿ?”

“ನಾಲ್ಕು ಮಂದ್ಯಾಗ ನಿನಗ ‘ಬ್ಯಾಡ, ಹಿಂದ ಸರಿ’ ಅನ್ನೂದು ನಾ ನೋಡಲಾರೆ ಯವ್ವಾ. ನನಗ ಅಂದಾರ, ರೂಢಿ ಆಗೇದ. ನಿನಗ ಅನ್ನಬಾರದು ಅಂತ…” ಎಂದು ಅವಳು ಅಳತೊಡಗಿದಳು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಶನಿವಾರದ ಮಿರ್ಚಿ, ತಲಾಬಿನ ಗಾಳಿ, ಚಹಾದ ಸಕ್ಕರೆ ಎಲ್ಲವೂ ಒಮ್ಮೆಲೇ ಗಂಟಲಿಗೆ ಬಂದವು. ಆಟೋದಲ್ಲಿ ಯಾರ್ಯಾರನ್ನು ಕೂರಿಸಿದ್ದರು? ಒಬ್ಬಳು ಗಂಡ ಸತ್ತವಳು, ಇನ್ನೊಬ್ಬಳು ಗಂಡನನ್ನು ಬಿಟ್ಟವಳು. ಬೇಡವಾದ ಇಬ್ಬರನ್ನು ಒಂದೇ ಗಾಡಿಯಲ್ಲಿ ಹೇರಿ, ಕೋಟೆ ನೋಡಿ ಬನ್ನಿ ಎಂದು ಕಳಿಸಿದ್ದರು. ವಿನೋದನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಮಾಡಿದ. ಸಣ್ಣವನಿದ್ದಾಗ ಅವನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಹೆಗಲ ಮೇಲೆ ಹೊತ್ತು ತಿರುಗಿದವಳು ನಾನು. ಆಗ ನನ್ನ ಹೆಗಲು ಯಾರಿಗೂ ಅಪಶಕುನ ಆಗಿರಲಿಲ್ಲ.

“ಮೌಲಾಹುಸೇನ, ಗಾಡಿ ತಿರುವು. ಮನಿಗೆ ನಡಿ.”

ಅವನು ತಲೆ ಕೆರೆದುಕೊಂಡ. “ಒಂದು ಗಂಟೆ ಮಟ ಮನಿ ಕಡಿ ತರಬ್ಯಾಡ ಅಂತ ಹೇಳ್ಯಾರಲ್ಲ ಅಕ್ಕಾ. ಯಾಕಂತ ನನಗ ಹೇಳಿಲ್ಲ, ಅಲ್ಲಾ ಕಸಮ್.”

“ಯಾಕಂತ ನಾ ಹೇಳ್ತೀನಿ. ಕೂಸಿನ ಅತ್ತಿ ನಾನು. ನನ್ನ ಇಲ್ಲಿ ಕುಂದರಿಸಿ ಅಲ್ಲಿ ಬ್ಯಾರೇದಾಕಿ ಕೈಲಿ ಹೆಸರು ಇಡಸಾಕತ್ತಾರ.”

ಅವನು ಕಿಸೆಯಿಂದ ಗಾಡಿಯ ಕೀಲಿ ತೆಗೆದ. “ಫುಪ್ಪೂನ್ನ, ಸ್ವಂತ ಅತ್ತೀನ್ನ ಬಿಟ್ಟು? ಅರೇ ತೋಬಾ! ನಮ್ಮ ಮನ್ಯಾಗ ಫುಪ್ಪು ಇಲ್ಲದ ಕೂಸಿನ ಕಾರ್ಯ ಮಾಡ್ಲಿ ನೋಡೋಣು, ನಮ್ಮ ಅಕ್ಕ ಮನಿ ಹಂಚು ತಗದು ಒಗೀತಾಳ. ಕುಂದರ್ರಿ ಅಕ್ಕಾ, ಕುಂದರ್ರಿ!”

ಅವ್ವ ಮಾತ್ರ ಗೋಡೆ ಬಿಟ್ಟು ಏಳಲಿಲ್ಲ. “ನೀ ಹೋಗು. ನಾ ಇಲ್ಲೇ ಇರ್ತೀನಿ.”

“ನೀನು ಇಲ್ಲಿ ಕುಂತ್ರ ಅವರು ಹೇಳಿದ್ದು ಖರೆ ಆಗ್ತದ. ಏಳಬೇ!” ಎಂದು ಕೈ ಹಿಡಿದು ಎಬ್ಬಿಸಿದೆ. ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ.

ತೀನ್ ಕಂದಿಲ್ ಚೌಕದ ಹತ್ತಿರ ಗಾಡಿಗಳು ಸಿಕ್ಕಿಬಿದ್ದಿದ್ದವು. ಮೌಲಾಹುಸೇನ ಕುತ್ತಿಗೆ ಹೊರಹಾಕಿ, “ಸರೀರಪಾ, ಹೆಸರಿಡೋ ಅತ್ತಿ ಗಾಡ್ಯಾಗ ಅದಾರ!” ಎಂದು ಕೂಗಿದ. ತಳ್ಳುಗಾಡಿಯವನೊಬ್ಬ ನಗುತ್ತ ದಾರಿ ಬಿಟ್ಟ. ಹೊರಗಿನವರಿಗೆ ಗೊತ್ತಿದ್ದ ನನ್ನ ಹಕ್ಕು ನನ್ನ ತಮ್ಮನಿಗೆ ಗೊತ್ತಿರಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ತೊಟ್ಟಿಲಿಗೆ ಚೆಂಡುಹೂವಿನ ಸರ ಕಟ್ಟಿದ್ದರು, ಹಿಂದಿನ ಫ್ಲೆಕ್ಸಿನಲ್ಲಿ ‘ಧೃತಿ’ ಎಂದು ದೊಡ್ಡ ಅಕ್ಷರ. ತೊಟ್ಟಿಲಲ್ಲಿ ಮೊದಲು ಮಲಗಿಸುವ ಗುಂಡುಕಲ್ಲಿಗೆ ಆಗಲೇ ಅರಿಷಿಣ ಹಚ್ಚಿ ಮಲಗಿಸಿ ಎತ್ತಿಯಾಗಿತ್ತು. ಇನ್ನು ಕೂಸು ಬರುವುದೊಂದೇ ಬಾಕಿ. ಅತ್ತೆಗೆಂದು ತಂದ ಹೊಸ ಸೀರೆ ಉಟ್ಟು ದೇವದುರ್ಗದ ದೊಡ್ಡಪ್ಪನ ಮಗಳು ತೊಟ್ಟಿಲಿನ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಹೌಹಾರಿದಳು.

“ಅಕ್ಕಾ! ನೀ ಬರಂಗಿಲ್ಲ ಅಂದಿದ್ದರಲ್ಲ?”

“ಬಂದೀನಿ. ಬಾಜೂಕ ಸರಿ ತಂಗಿ, ನಿನ್ನ ಮ್ಯಾಲೇನೂ ಸಿಟ್ಟಿಲ್ಲ.”

ಅವಳು ಸರಿದಳು, ಆದರೆ ಆ ಜಾಗಕ್ಕೆ ಹನುಮಂತಮ್ಮ ಬಂದು ನಿಂತರು. ಹೊತ್ತಿಗೆ ಮುಂಚೆ ಬಂದದ್ದಕ್ಕೆ ಆಟೋದವನನ್ನು ಒಂದು ಸಲ ದುರುಗುಟ್ಟಿ ನೋಡಿ, ಆಮೇಲೆ ದನಿ ತಗ್ಗಿಸಿ ಮಾತಾಡಿದರು.

“ಅನ್ನಪೂರ್ಣಾ, ಮಂದಿ ಅದಾರ. ಒಳಗ ಬಾ, ಕುಂತು ಮಾತಾಡೋಣು.”

“ಮಂದಿ ಇದ್ದದ್ದಕ್ಕ ಇಲ್ಲೇ ಮಾತಾಡ್ತೀನ್ರಿ. ನನ್ನ ಯಾಕ ಕೋಟಿಗಿ ಕಳಿಸಿದ್ರಿ?”

“ನೋಡವ್ವಾ, ನಿನಗ ಬ್ಯಾಸರ ಮಾಡಬೇಕಂತಲ್ಲ. ತೊಟ್ಟಿಲ ಕಾರ್ಯ ಮುತ್ತೈದ್ಯಾರದು. ಸಂಸಾರ ಮಾಡೋರ ಕೈಲಿ ಆಗಬೇಕು. ಕೂಸಿನ ಒಳ್ಳೇದಕ್ಕ ಹೇಳಾಕತ್ತೀನಿ. ನೀ ಗಂಡನ್ನ ಬಿಟ್ಟು ಬಂದಾಕಿ…”

“ಹೌದ್ರೀ, ಬಿಟ್ಟೀನಿ. ಗಂಡನ್ನ ಬಿಟ್ಟೀನಿ, ತಮ್ಮನ್ನ ಬಿಟ್ಟಿಲ್ಲ. ಅತ್ತಿ ಆಗಾಕ ತಮ್ಮ ಬೇಕ್ರೀ ಹನುಮಂತಮ್ಮಾರ, ಗಂಡ ಬೇಕಾಗಿಲ್ಲ!”

ಹಿಂದೆ ಯಾರೋ ಮುದುಕಿ “ಮಾತು ಖರೆ ಅದ” ಎಂದಳು. ಯಾರೋ ಅವಳನ್ನು ಸುಮ್ಮನಿರಿಸಿದರು. ನಾನು ಹೋಗಿ ತೊಟ್ಟಿಲಿನ ಸರಪಳಿ ಹಿಡಿದು ನಿಂತುಬಿಟ್ಟೆ. ಎತ್ತಿ ಒಗೆಯುವವರು ಒಗೆಯಲಿ, ನೋಡೋಣ. ಗಂಡಸರ ಗುಂಪಿನಲ್ಲಿ ವಿನೋದ ಮೊಬೈಲು ಹಿಡಿದುಕೊಂಡು, ನೆಲ ನೋಡುತ್ತ ನಿಂತಿದ್ದ.

“ವಿನೋದ, ಮ್ಯಾಲ ನೋಡು. ಬಯ್ಯಂಗಿಲ್ಲ, ಒಂದ ಮಾತು ಕೇಳ್ತೀನಿ. ನಾ ನಿನ್ನ ಅಕ್ಕ ಹೌದೋ ಅಲ್ಲೋ? ಅಲ್ಲ ಅನ್ನು, ಈಗಿಂದೀಗ ಮಾನ್ವಿ ಬಸ್ಸು ಹತ್ತತೀನಿ, ಮತ್ತ ಈ ಹೊಸ್ತಿಲ ತುಳಿಯಂಗಿಲ್ಲ. ಹೌದಂದ್ರ ಹೌದಂತ ನಿಮ್ಮ ಅತ್ತಿ ಮುಂದ ಹೇಳು.”

ನಾನು ಧೈರ್ಯವಾಗಿ ಕೇಳಿದೆನೆಂದು ನೀವು ಅಂದುಕೊಂಡಿರಬಹುದು. ಸುಳ್ಳು. ಅವನು ಅಲ್ಲ ಎಂದರೆ ನನಗೆ ಹೋಗಲು ಖಾನಾವಳಿಯ ಹೊರತು ಇನ್ನಾವ ಮನೆಯೂ ಉಳಿಯುತ್ತಿರಲಿಲ್ಲ. ಅವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೊಬೈಲಿನತ್ತ ತಲೆ ತಗ್ಗಿಸಿದ. ನನ್ನ ಕೈ ಸರಪಳಿಯ ಮೇಲೆ ಸಡಿಲವಾಯಿತು.

ಆಗ ಒಳಕೋಣೆಯಿಂದ ನಾಗವೇಣಿ ಬಂದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಹೆಗಲಿಗೆ ಬಿದ್ದಿತ್ತು. ಕೂಸಿನ ತಲೆಗೆ ನಾನು ಹೊಲಿದ ಕೆಂಪು ಕುಂಚಿಗೆ ಇತ್ತು.

“ಅವರು ಹೇಳಲಾರರು ಅಕ್ಕಾ. ನಾ ಹೇಳ್ತೀನಿ,” ಎಂದಳು. “ನೀವು ನನ್ನ ಮಗಳ ಅತ್ತಿ. ಹೆಸರು ನೀವ ಇಡ್ರಿ. ಇಲ್ಲಂದ್ರ ಈ ಕೂಸು ತೊಟ್ಟಿಲದಾಗ ಮಲಗಂಗಿಲ್ಲ, ನನ್ನ ಉಡ್ಯಾಗ ಇರ್ತದ.”

“ನಾಗೂ!” ಎಂದು ಹನುಮಂತಮ್ಮ ಗದರಿದರು. “ಬಾಣಂತಿ ನೀ, ಬಾಯಿ ಮುಚ್ಚು. ನಾಳೆ ಕೂಸಿಗೆ ಏನಾರ ಆದ್ರ ಯಾರು ಹೊಣಿ?”

“ಏನೂ ಆಗಂಗಿಲ್ಲ ಬೇ. ಗಂಡ ಹೊಡದ್ರ ಹೊರಗ ಬಂದು ರೊಟ್ಟಿ ಬಡದು ಬದುಕಬಹುದು ಅಂತ ಅತ್ತೀನ್ನ ನೋಡಿ ಕಲೀತದ. ಅದು ಕೆಟ್ಟದ್ದೇನು?” ಎಂದು ಕೂಸನ್ನು ನನ್ನ ಕೈಗೆ ಕೊಟ್ಟಳು.

ಹನುಮಂತಮ್ಮ ಅಳಿಯನ ಕಡೆ ತಿರುಗಿದರು. ವಿನೋದ ಈಗ ಬಾಯಿ ಬಿಟ್ಟ. “ಅಕ್ಕ ಹೆಸರಿಡ್ಲಿ ಅತ್ತಿ,” ಎಂದ. ಹೆಂಡತಿ ಹೇಳಿದ ಮೇಲೆ ಹೇಳಿದ. ತಡವಾಯಿತು, ಆದರೂ ಹೇಳಿದನಲ್ಲ ಎಂದುಕೊಂಡೆ. ಅವನ ಲೆಕ್ಕ ಆಮೇಲೆ ನೋಡಿಕೊಳ್ಳುವುದಿತ್ತು.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದೆ. ಅದು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿತ್ತು. ಕುಂಚಿಗೆ ಸರಿಸಿ, ಕಿವಿಗೆ ಬಾಯಿ ಹಚ್ಚಿ ‘ಕುರ್ರ್, ಧೃತಿ’ ಎಂದೆ. ಹೆಸರಿಗೆ ನನ್ನ ತಕರಾರೇನಿರಲಿಲ್ಲ, ಹೆತ್ತವರು ಆರಿಸಿದ್ದು. ಅದರ ಬೆನ್ನಿಗೇ ಯಾರಿಗೂ ಕೇಳದಂತೆ ಇನ್ನೊಂದು ಮಾತು ಸೇರಿಸಿದೆ: “ಯಾರಾರ ನಿನಗ ಸುಮ್ಮಸುಮ್ಮನ ಊರು ತೋರಸ್ತೀನಿ ಬಾ ಅಂದ್ರ, ಮೊದಲು ಯಾಕ ಅಂತ ಕೇಳವ್ವಾ.”

ಆಮೇಲೆ ಬಗ್ಗಿದ ಬೆನ್ನನ್ನು ಬಗ್ಗಿಸಿಕೊಂಡೇ ಕಾದೆ.

ಗುದ್ದು ಬೀಳಲಿಲ್ಲ.

ಹೆಂಗಸರೆಲ್ಲ ಸುತ್ತ ನಿಂತಿದ್ದರು, ಅವರ ಸೀರೆಯ ಅಂಚುಗಳು ನನಗೆ ಕಾಣುತ್ತಿದ್ದವು. ಒಂದು ಕಾಲೂ ಮುಂದೆ ಬರಲಿಲ್ಲ. ಯಾರು ಮೊದಲು ಗುದ್ದುತ್ತಾರೋ ಅವರು ನನ್ನ ಕಡೆಯಾದಂತೆ. ಹನುಮಂತಮ್ಮನ ಮನೆಯಲ್ಲಿ, ಹನುಮಂತಮ್ಮನ ಕಣ್ಣೆದುರು ಯಾರಿಗೆ ಬೇಕು ಆ ಉಸಾಬರಿ? ಹೆಸರಿಡಲು ಬಿಟ್ಟಿದ್ದರು, ಅತ್ತೆ ಎಂದು ಒಪ್ಪಲು ಅವರ ಕೈ ಏಳುತ್ತಿರಲಿಲ್ಲ. ನನ್ನ ಕಣ್ಣಿನಿಂದ ನೀರು ತೊಟ್ಟಿಲಿನ ಅಂಚಿಗೆ ಬಿತ್ತು. ಏಳಲಿಲ್ಲ ನಾನು. ಸಂಜೆಯವರೆಗೆ ಬಗ್ಗಿ ನಿಲ್ಲಬೇಕೆಂದರೂ ನಿಲ್ಲುವವಳಿದ್ದೆ.

“ಸರೀರಿ,” ಎಂದು ಬಾಗಿಲ ಕಡೆಯಿಂದ ದನಿ ಬಂತು.

ಅವ್ವ. ಅಲ್ಲಿಯವರೆಗೂ ಅವಳು ಹೊಸ್ತಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದಳು. ಈಗ ಮುತ್ತೈದೆಯರ ನಡುವೆ ದಾರಿ ಮಾಡಿಕೊಂಡು, ಬೋಳು ಹಣೆಯಲ್ಲಿ ನೇರ ತೊಟ್ಟಿಲಿನ ಹತ್ತಿರ ಬಂದಳು. ಯಾರೋ “ಬೂದೆಮ್ಮಾ, ನೀ…” ಎಂದರು.

“ನಾನ. ಕೂಸಿನ ಅಪ್ಪನ್ನ ಹಡದಾಕಿ, ಅತ್ತೀನ್ನೂ ಹಡದಾಕಿ. ನಾ ಬರಬಾರದಂದ್ರ ಇಬ್ಬರೂ ಎಲ್ಲಿಂದ ಬಂದರು?”

ಹಾಗೆಂದು ಕೈ ಎತ್ತಿ ನನ್ನ ಬೆನ್ನಿಗೆ ಒಂದು ಬಿಗಿದಳು. ದೇವರಾಣೆ, ಹೊಲದಲ್ಲಿ ದುಡಿದ ಕೈ, ಉಸಿರು ನಿಂತಂತಾಯಿತು. ಕೋಟೆಗೆ ಕರೆದೊಯ್ದ ತಪ್ಪು, ಮದುವೆಯಲ್ಲಿ ಪಾತ್ರೆ ಕಾದ ನೋವು ಎಲ್ಲ ಸೇರಿಸಿಯೇ ಗುದ್ದಿದ್ದಳು. ಅವಳ ಮೇಲಿನ ಸಿಟ್ಟು ಅಲ್ಲೇ ಇಳಿದುಹೋಯಿತು.

“ಏನ್ ನೋಡಾಕತ್ತೀರಿ? ಗುದ್ದ್ರಿ!” ಎಂದು ಅವಳೇ ಕೂಗಿದಳು.

ನಾಗವೇಣಿ ಗುದ್ದಿದಳು. ಅತ್ತೆಯ ಸೀರೆ ಉಟ್ಟಿದ್ದ ದೊಡ್ಡಪ್ಪನ ಮಗಳು ನಗುತ್ತ ಗುದ್ದಿದಳು. ‘ಮಾತು ಖರೆ ಅದ’ ಎಂದಿದ್ದ ಮುದುಕಿ ಎರಡು ಹಾಕಿದಳು. ಆಮೇಲೆ ಯಾರು ಯಾರೆಂದು ಗೊತ್ತಾಗಲಿಲ್ಲ, ಬಳೆಗಳ ಸದ್ದು, ನಗು, ದಬದಬ, ದಬದಬ. ಕೂಸು ಬೆಚ್ಚಿ ಅಳಲು ಶುರುಮಾಡಿತು, ಅದರ ದನಿ ನನ್ನದರಷ್ಟೇ ದೊಡ್ಡದಿತ್ತು.

ನಾನು ಎದ್ದು ನಿಂತಾಗ ಹನುಮಂತಮ್ಮ ಒಬ್ಬರೇ ದೂರ ಗೋಡೆಗೆ ಒರಗಿದ್ದರು. ಮುಖ ಇನ್ನೂ ಗಂಟೇ.

ಅವರತ್ತ ಹೋಗಿ ಬೆನ್ನು ತಿರುಗಿಸಿ ನಿಂತೆ. “ನಿಮ್ಮದೊಂದು ಉಳದದ್ರೀ ಬೀಗರ. ಹಾಕಿಬಿಡ್ರಿ. ಅದನ್ನ ತಗೊಳ್ಳದ ನಾ ಮಾನ್ವಿಗೆ ಹೋಗಂಗಿಲ್ಲ.”

ಅವರು ಗೋಡೆ ಬಿಟ್ಟು ಬಂದು ಗುದ್ದಿದರು. ಸಿಟ್ಟಿನಿಂದಲೇ ಗುದ್ದಿದರು, ಪ್ರೀತಿ ಹುಡುಕಿದರೂ ಸಿಗುತ್ತಿರಲಿಲ್ಲ ಅದರಲ್ಲಿ.

ನನ್ನ ಬೆನ್ನಿಗೆ ಗುದ್ದು ಹೊಸದಲ್ಲ. ಗಂಡ ಹೊಡೆಯುತ್ತಿದ್ದಾಗ ಬಾಗಿಲು ಹಾಕಿರುತ್ತಿತ್ತು, ನಾನು ಬೇಡವೆಂದು ಕೂಗುತ್ತಿದ್ದೆ. ಇದು ಬಾಗಿಲು ತೆರೆದ ಮನೆಯಲ್ಲಿ, ಎಲ್ಲರ ಕಣ್ಣೆದುರು, ನಾನೇ ನಿಂತು ಕೇಳಿ ತೆಗೆದುಕೊಂಡದ್ದು. ಗುದ್ದಿ ಮುಗಿಸಿದ ಮೇಲೆ ಹನುಮಂತಮ್ಮನಿಗೂ ತಿಳಿಯಿತು: ಇಷ್ಟವಿದ್ದರೂ ಇಲ್ಲದಿದ್ದರೂ, ಅವರು ಗುದ್ದಿದ್ದು ಅತ್ತೆಯ ಬೆನ್ನಿಗೆ.